ಹಿಂದಿನ ರಾತ್ರಿಯ ಮದ್ಯ, ಮರುದಿನದ ಸಮುದ್ರ: ಸ್ಕೂಬಾ ಪ್ರವಾಸಕ್ಕೆ ಹೊರಡುವವರು ತಿಳಿದಿರಬೇಕಾದ ಸಂಗತಿ

ದಸರಾ ರಜೆ ಹತ್ತಿರ ಬಂದಿತೆಂದರೆ ದೆಹಲಿಯ ಕನ್ನಡ ಮನೆಗಳಲ್ಲಿ ಊರಿಗೆ ಹೋಗುವ ಮಾತು ಆರಂಭವಾಗುತ್ತದೆ. ಒಂದು ಕಾಲಕ್ಕೆ ಊರಿಗೆ ಹೋಗುವುದೆಂದರೆ ಅಜ್ಜಿಯ ಮನೆ, ಕುಲದೇವರ ದರ್ಶನ, ಒಂದೆರಡು ಮದುವೆ ಮನೆಗಳ ಊಟ, ಇಷ್ಟೇ ಆಗಿತ್ತು. ಈಗಿನ ಮಕ್ಕಳ ಪಟ್ಟಿಯಲ್ಲಿ ಇವುಗಳ ಜೊತೆಗೆ ಇನ್ನೊಂದು ಹೆಸರು ಸೇರಿಕೊಂಡಿದೆ. ಅದು ನೇತ್ರಾಣಿ.

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದೊಳಗಿರುವ ಈ ಪುಟ್ಟ ದ್ವೀಪವನ್ನು ಪಾರಿವಾಳ ದ್ವೀಪವೆಂದೂ ಕರೆಯುತ್ತಾರೆ. ಸುತ್ತಲಿನ ತಿಳಿನೀರಿನಲ್ಲಿ ಹವಳ, ಬಣ್ಣಬಣ್ಣದ ಮೀನು, ಕಡಲಾಮೆಗಳನ್ನು ಕಾಣಬಹುದಾದ್ದರಿಂದ ಸ್ಕೂಬಾ ಡೈವಿಂಗ್ ಕಲಿಯುವವರಿಗೆ ಕರ್ನಾಟಕದಲ್ಲಿ ಇದೇ ಪ್ರಮುಖ ತಾಣ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ಚಿತ್ರವನ್ನು ನೋಡಿದವರಿಗೆ ಈ ನೀರಿನೊಳಗಿನ ಲೋಕದ ಪರಿಚಯವಿದ್ದೇ ಇದೆ.

ಕೆಲವು ದಿನಗಳ ಹಿಂದೆ ಓಲ್ಡ್ ರಾಜಿಂದರ್ ನಗರದ ನಮ್ಮ ಮನೆಯಲ್ಲಿ ನಾಲ್ಕಾರು ಕುಟುಂಬಗಳು ಸೇರಿದ್ದೆವು. ಗುರುಗ್ರಾಮದಲ್ಲಿ ನೌಕರಿಯಲ್ಲಿರುವ ನನ್ನ ಸೋದರಳಿಯನೂ, ಐ.ಎ.ಎಸ್. ತರಬೇತಿಗೆಂದು ಬಂದು ನಮ್ಮ ಬಡಾವಣೆಯಲ್ಲೇ ಕೋಣೆ ಹಿಡಿದಿರುವ ಅವನ ಇಬ್ಬರು ಸ್ನೇಹಿತರೂ ತಮ್ಮ ಪ್ರವಾಸದ ಯೋಜನೆಯನ್ನು ವಿವರಿಸುತ್ತಿದ್ದರು. ಶುಕ್ರವಾರ ವಿಮಾನದಲ್ಲಿ ಗೋವಾ, ಅಲ್ಲಿಂದ ಕೊಂಕಣ ರೈಲಿನಲ್ಲಿ ಮುರುಡೇಶ್ವರ, ಶನಿವಾರ ಮತ್ತು ಭಾನುವಾರ ಬೆಳಗ್ಗೆ ಡೈವ್, ಭಾನುವಾರ ರಾತ್ರಿಯ ವಿಮಾನದಲ್ಲಿ ದೆಹಲಿ, ಸೋಮವಾರ ಕಚೇರಿ. ಶನಿವಾರ ರಾತ್ರಿ ಬೀಚಿನಲ್ಲಿ 'ಸಣ್ಣ ಪಾರ್ಟಿ' ಎಂಬ ಮಾತೂ ಸ್ನೇಹಿತನೊಬ್ಬನ ಬಾಯಿತಪ್ಪಿ ಹೊರಬಿತ್ತು.

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ನನ್ನ ತಾಯಿ ತಲೆಯೆತ್ತಿ ಕೇಳಿದರು: "ಅಲ್ಲ ಕಣೋ, ರಾತ್ರಿ ಕುಡಿದು ಬೆಳಗ್ಗೆ ಸಮುದ್ರದ ತಳಕ್ಕೆ ಇಳಿದರೆ ಮೈಗೆ ಏನೂ ಆಗಲ್ವೇನೋ?"

"ಬೆಳಗ್ಗೆ ಹೊತ್ತಿಗೆ ಎಲ್ಲ ಇಳಿದಿರುತ್ತೆ ಅಜ್ಜಿ," ಎಂದು ಅಳಿಯ ನಕ್ಕುಬಿಟ್ಟ.

ಅಜ್ಜಿಯ ಪ್ರಶ್ನೆಗೆ ಸರಿಯಾದ ಉತ್ತರ ಆ ಕೋಣೆಯಲ್ಲಿದ್ದ ಯಾರಲ್ಲಿಯೂ ಇರಲಿಲ್ಲ. ಆ ಉತ್ತರವನ್ನು ಹುಡುಕಿ ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಗೋಲಿ ಸೋಡಾದ ಪಾಠ

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದೆ. ದೇಹವು ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಸಾರಜನಕದಿಂದ ಅದಕ್ಕೆ ಯಾವ ಉಪಯೋಗವೂ ಇಲ್ಲ. ನೆಲದ ಮೇಲಿರುವಾಗ ಅದು ಬಂದ ಹಾಗೆಯೇ ಹೊರಹೋಗುತ್ತದೆ. ನೀರಿನ ಆಳಕ್ಕಿಳಿದಾಗ ಪರಿಸ್ಥಿತಿ ಬದಲಾಗುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ದೇಹದ ಮೇಲಿನ ಒತ್ತಡವು ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. 10 ಮೀಟರಿನಲ್ಲಿ ನೆಲದ ಮೇಲಿನ ಎರಡರಷ್ಟು, 20 ಮೀಟರಿನಲ್ಲಿ ಮೂರರಷ್ಟು. ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ ಮುಳುಗುಗಾರನು ಅದೇ ಒತ್ತಡದ ಗಾಳಿಯನ್ನು ಸೇವಿಸುತ್ತಾನೆ.

ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಅನಿಲವು ಹೆಚ್ಚು ಕರಗುತ್ತದೆ ಎಂಬುದನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿಯೇ ತೋರಿಸಿಕೊಟ್ಟಿದ್ದರು. ಅದರಂತೆ ಮುಳುಗುಗಾರನ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ, ಬೆನ್ನುಹುರಿಯಲ್ಲಿ ಸಾರಜನಕ ಕರಗಿ ತುಂಬಿಕೊಳ್ಳುತ್ತದೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದರ ಮೇಲೆ ಅದರ ಪ್ರಮಾಣ ನಿಂತಿದೆ.

ಈಗ ನಮ್ಮೂರಿನ ಗೋಲಿ ಸೋಡಾವನ್ನು ನೆನಪಿಸಿಕೊಳ್ಳಿ. ಗೋಲಿ ಬಾಯಿಗೆ ಒತ್ತಿಕೊಂಡಿರುವವರೆಗೆ ಶೀಸೆಯೊಳಗಿನ ನೀರು ತಿಳಿಯಾಗಿಯೇ ಕಾಣುತ್ತದೆ. ಅಂಗಡಿಯವನು ಹೆಬ್ಬೆರಳಿನಿಂದ ಗೋಲಿಯನ್ನು ಒಳಕ್ಕೆ ತಳ್ಳಿದೊಡನೆ ಒತ್ತಡ ಇಳಿದು ನೊರೆನೊರೆಯಾಗಿ ಗುಳ್ಳೆಗಳು ಮೇಲೇಳುತ್ತವೆ. ಆಳದಿಂದ ಆತುರವಾಗಿ ಮೇಲೆ ಬಂದ ಮುಳುಗುಗಾರನ ದೇಹದಲ್ಲಿ ನಡೆಯುವುದೂ ಇದೇ. ಕರಗಿದ್ದ ಸಾರಜನಕವು ಶ್ವಾಸಕೋಶದ ಮೂಲಕ ನಿಧಾನವಾಗಿ ಹೊರಹೋಗಲು ಅವಕಾಶವಿಲ್ಲದೆ ಅಲ್ಲಲ್ಲಿಯೇ ಗುಳ್ಳೆಯಾಗುತ್ತದೆ. ಕೀಲಿನಲ್ಲಿ ಗುಳ್ಳೆಯಾದರೆ ನೋವು, ಚರ್ಮದಲ್ಲಾದರೆ ತುರಿಕೆ ಮತ್ತು ನೀಲಿಗೆಂಪು ಮಚ್ಚೆ, ಬೆನ್ನುಹುರಿಯಲ್ಲಾದರೆ ಕಾಲಿನ ಬಲಹೀನತೆ ಹಾಗೂ ಮೂತ್ರಕಟ್ಟು, ಒಳಕಿವಿಯಲ್ಲಾದರೆ ತಲೆಸುತ್ತು. ಈ ಬೇನೆಗೆ ವೈದ್ಯರು ಡಿಕಂಪ್ರೆಷನ್ ಸಿಕ್‌ನೆಸ್ ಎನ್ನುತ್ತಾರೆ. ಒತ್ತಡ ಇಳಿತದ ಬೇನೆ ಎಂದು ನಾವು ಕರೆಯಬಹುದು. ಮುಳುಗುಗಾರರ ಆಡುಮಾತಿನಲ್ಲಿ ಇದು 'ಬೆಂಡ್ಸ್'.

ಸೋಡಾದ ಗೋಲಿಯನ್ನು ಮೆಲ್ಲಮೆಲ್ಲನೆ ಸಡಿಲಿಸಿದರೆ ನೊರೆ ಉಕ್ಕುವುದಿಲ್ಲ. ಅದೇ ಕಾರಣಕ್ಕಾಗಿ ಮುಳುಗುಗಾರರು ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಮೇಲೇರಬಾರದೆಂದೂ, 5 ಮೀಟರಿನ ಆಸುಪಾಸಿನಲ್ಲಿ 3 ನಿಮಿಷ ನಿಂತು ಬರಬೇಕೆಂದೂ ಕಲಿಸುತ್ತಾರೆ.

ಸೇತುವೆಯ ಕೆಳಗೆ ಕಲಿತ ವಿದ್ಯೆ

ಈ ಬೇನೆಯನ್ನು ಜಗತ್ತು ವ್ಯಾಪಕವಾಗಿ ಕಂಡದ್ದು ಸೇತುವೆ ಕಟ್ಟುವ ಕೂಲಿಗಾರರಲ್ಲಿ. ನದಿಯ ತಳದಲ್ಲಿ ಅಡಿಪಾಯ ತೋಡಲು ಕೇಸನ್ ಎಂಬ ದೊಡ್ಡ ಪೆಟ್ಟಿಗೆಯನ್ನು ಮುಳುಗಿಸಿ, ನೀರು ಒಳನುಗ್ಗದಂತೆ ಅದರೊಳಗೆ ಒತ್ತಡದ ಗಾಳಿಯನ್ನು ತುಂಬಿ, ಕೂಲಿಗಾರರನ್ನು ಇಳಿಸುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕೆಲಸದಲ್ಲಿ ಹಲವಾರು ಮಂದಿ ಈ ಬೇನೆಗೆ ತುತ್ತಾದರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ 1872ರಲ್ಲಿ ಹಾಸಿಗೆ ಹಿಡಿದರು. 1883ರಲ್ಲಿ ಸೇತುವೆ ತೆರೆಯುವವರೆಗೂ ಅವರು ಮನೆಯ ಕಿಟಕಿಯಿಂದಲೇ ಕೆಲಸವನ್ನು ಗಮನಿಸುತ್ತಿದ್ದರು. ಅವರ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸಿ ನಡೆಸಿಕೊಟ್ಟವರು ಪತ್ನಿ ಎಮಿಲಿ.

ಆ ಸೇತುವೆಯ ವೈದ್ಯರಾಗಿದ್ದ ಆಂಡ್ರ್ಯೂ ಸ್ಮಿತ್ ಅವರು ಕೂಲಿಗಾರರಿಗೆ ವಿಧಿಸಿದ ನಿಯಮಗಳಲ್ಲಿ ಮದ್ಯದ ಮಾತೂ ಇತ್ತು. ಕುಡಿತ ಅತ್ಯಲ್ಪವಾಗಿರಲಿ, ಬಿಟ್ಟರೆ ಇನ್ನೂ ಒಳ್ಳೆಯದು ಎಂಬುದು ಅದರ ತಾತ್ಪರ್ಯ. ಗುಳ್ಳೆಗಳೇ ಈ ಬೇನೆಗೆ ಮೂಲವೆಂದು ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲಿ ಪ್ರಯೋಗಗಳ ಮೂಲಕ ಸ್ಥಾಪಿಸುವುದಕ್ಕೂ ಮೊದಲಿನ ಮಾತಿದು. ಕಾರಣ ಸ್ಪಷ್ಟವಾಗುವ ಮುನ್ನವೇ ವೈದ್ಯರೊಬ್ಬರ ಅನುಭವ ಮದ್ಯದ ಕಡೆ ಬೆರಳು ಮಾಡಿತ್ತು.

ಹಂತಹಂತವಾಗಿ ಮೇಲೇರುವ ಕ್ರಮವನ್ನು ಲೆಕ್ಕ ಹಾಕಿ ಕೋಷ್ಟಕ ರೂಪಿಸಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು. ಅದು ಪ್ರಕಟವಾದದ್ದು 1908ರಲ್ಲಿ. ಅವರ ಮಗನೇ ಜೆ.ಬಿ.ಎಸ್. ಹಾಲ್ಡೇನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒತ್ತಡದ ಕೋಣೆಯೊಳಗೆ ತಮ್ಮ ಮೈಮೇಲೆಯೇ ಪ್ರಯೋಗ ಮಾಡಿಕೊಂಡ ಈ ವಿಜ್ಞಾನಿ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದರು, ಭಾರತದ ಪೌರತ್ವವನ್ನೂ ಪಡೆದರು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು. ಇಂದು ಮುಳುಗುಗಾರರ ಮಣಿಕಟ್ಟಿನಲ್ಲಿರುವ ಪುಟ್ಟ ಕಂಪ್ಯೂಟರ್ ಮಾಡುವ ಲೆಕ್ಕಕ್ಕೆ ತಂದೆ ಹಾಲ್ಡೇನರ ಚಿಂತನೆಯೇ ತಳಹದಿ.

ಮದ್ಯ ದೇಹದಲ್ಲಿ ಮಾಡುವ ಕೆಲಸ

ಮನುಷ್ಯರಿಗೆ ಮದ್ಯ ಕುಡಿಸಿ ಆಳಕ್ಕಿಳಿಸಿ ಯಾರಿಗೆ ಬೇನೆ ಬರುತ್ತದೆಂದು ನೋಡುವ ಪ್ರಯೋಗವನ್ನು ಯಾರೂ ಮಾಡಲಾರರು, ಮಾಡಲೂಬಾರದು. ಆದ್ದರಿಂದ ಇಷ್ಟು ಪೆಗ್ಗಿಗೆ ಇಷ್ಟು ಅಪಾಯ ಎಂಬ ಪಟ್ಟಿ ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಮದ್ಯ ದೇಹದಲ್ಲಿ ಏನೇನು ಮಾಡುತ್ತದೆ ಎಂಬುದು ಮಾತ್ರ ಚೆನ್ನಾಗಿ ತಿಳಿದಿದೆ. ಅದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ನೀರಿನ ಕೊರತೆ. ಮೂತ್ರದ ಮೂಲಕ ನೀರು ಅತಿಯಾಗಿ ಹೋಗದಂತೆ ತಡೆಯುವ ಹಾರ್ಮೋನೊಂದು ನಮ್ಮ ಮಿದುಳಿನಿಂದ ಸ್ರವಿಸುತ್ತದೆ. ಮದ್ಯವು ಅದನ್ನು ತಗ್ಗಿಸುತ್ತದೆ. ಕುಡಿದವರು ಪದೇಪದೇ ಬಚ್ಚಲಿಗೆ ಹೋಗುವುದೂ, ಬೆಳಗ್ಗೆ ನಾಲಿಗೆ ಒಣಗಿ ಏಳುವುದೂ ಇದರಿಂದಲೇ. ಇದರ ಮೇಲೆ ಕರಾವಳಿಯ ಬಿಸಿಲು, ದೋಣಿಯ ಓಲಾಟಕ್ಕೆ ಆಗುವ ವಾಂತಿ, ಸಿಲಿಂಡರಿನ ಒಣಗಾಳಿ, ನೀರಿನಲ್ಲಿ ಮುಳುಗಿದಾಗ ಸಹಜವಾಗಿಯೇ ಹೆಚ್ಚುವ ಮೂತ್ರ ಇವೆಲ್ಲ ಸೇರುತ್ತವೆ. ಸಾರಜನಕವನ್ನು ಅಂಗಾಂಗಗಳಿಂದ ಶ್ವಾಸಕೋಶಕ್ಕೆ ಹೊತ್ತು ತರುವುದು ರಕ್ತ. ರಕ್ತದ ದ್ರವಾಂಶ ಕುಗ್ಗಿದರೆ ಆ ಸಾಗಣೆಯೂ ಕುಂಠಿತವಾಗುತ್ತದೆ. ಹಂದಿಗಳ ಮೇಲೆ ನಡೆಸಿದ, 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನೀರಿನ ಕೊರತೆಯಿದ್ದ ಪ್ರಾಣಿಗಳು ಈ ಬೇನೆಯ ತೀವ್ರ ಸ್ವರೂಪಕ್ಕೆ ಹೆಚ್ಚಾಗಿ ತುತ್ತಾದವು.

ಎರಡನೆಯದು ಮೈಬಿಸಿ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ. ನಿಜದಲ್ಲಿ ದೇಹದೊಳಗಿನ ಶಾಖ ಬೇಗ ಸೋರಿಹೋಗುತ್ತದೆ. ನೀರಿನ ತಳದಲ್ಲಿ ಸಾರಜನಕವನ್ನು ತುಂಬಿಕೊಂಡು, ಮೇಲೇರುವ ಹೊತ್ತಿಗೆ ಮೈ ತಣ್ಣಗಾದರೆ, ರಕ್ತಸಂಚಾರ ತಗ್ಗಿ ಅನಿಲ ಹೊರಹೋಗುವುದು ನಿಧಾನವಾಗುತ್ತದೆ.

ಮೂರನೆಯದು ವಾಂತಿ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದಲೂ ಉಳಿದುಕೊಂಡ ಸಣ್ಣ ಕಿಂಡಿಯಿರುತ್ತದೆ. ಬದುಕಿನುದ್ದಕ್ಕೂ ಅದರ ಅರಿವೇ ಆಗದಿರಬಹುದು. ಡೈವ್ ಮುಗಿಸಿದ ಮೇಲೆ ಅಪಧಮನಿಗೆ ಸೇರದೆ ಶ್ವಾಸಕೋಶದಲ್ಲಿ ಸೋಸಿಹೋಗಬೇಕಾದ ಸಣ್ಣ ಗುಳ್ಳೆಗಳು, ಬಲವಾಗಿ ಮುಕ್ಕರಿದಾಗ ಅಥವಾ ವಾಂತಿ ಮಾಡಿದಾಗ ಈ ಕಿಂಡಿಯ ಮೂಲಕ ದಾಟಿ ಮಿದುಳು, ಬೆನ್ನುಹುರಿಗಳತ್ತ ಹೋಗಬಲ್ಲವು.

ನಾಲ್ಕನೆಯದು ವಿವೇಚನೆ. ಸುಮಾರು 30 ಮೀಟರಿಗಿಂತ ಕೆಳಗೆ ಸಾರಜನಕವೇ ಅಮಲೇರಿಸುತ್ತದೆ. ಪ್ರತಿ 10 ಅಥವಾ 15 ಮೀಟರ್ ಆಳವೂ ಖಾಲಿ ಹೊಟ್ಟೆಯ ಒಂದು ಗ್ಲಾಸು ಮದ್ಯಕ್ಕೆ ಸಮವೆಂಬ ತಮಾಷೆಯ ಲೆಕ್ಕ ಮುಳುಗುಗಾರರಲ್ಲಿ ಪ್ರಚಲಿತ. ಹೊಟ್ಟೆಯಲ್ಲಿ ನಿಜವಾದ ಮದ್ಯವೂ ಉಳಿದಿದ್ದರೆ ಎರಡು ಅಮಲುಗಳು ಕೂಡಿಕೊಳ್ಳುತ್ತವೆ. ಆಗ ಗಾಳಿಯ ಮಾಪಕ ನೋಡುವುದು, ಸಂಗಾತಿಯನ್ನು ಗಮನಿಸುವುದು, ನಿಧಾನವಾಗಿ ಮೇಲೇರುವುದು ಇವೆಲ್ಲ ತಪ್ಪಿಹೋಗುತ್ತವೆ.

ಪೆಗ್ಗಿನ ಲೆಕ್ಕ

"ಬೆಳಗ್ಗೆ ಹೊತ್ತಿಗೆ ಎಲ್ಲ ಇಳಿದಿರುತ್ತೆ" ಎಂಬ ಅಳಿಯನ ಮಾತನ್ನು ಈಗ ಲೆಕ್ಕಕ್ಕೆ ಹಚ್ಚೋಣ. ನಮ್ಮ ದೇಶದ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಮದ್ಯಸಾರವಿರುತ್ತದೆ. 30 ಮಿಲಿಲೀಟರಿನ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ, 60 ಮಿಲಿಲೀಟರಿನ ದೊಡ್ಡ ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಮದ್ಯಸಾರ. ಬಿಯರ್ ಹಗುರವೆಂದು ಹೇಳುವವರು ಗಮನಿಸಬೇಕು: ಶೇಕಡಾ 8ರ 'ಸ್ಟ್ರಾಂಗ್' ಬಿಯರಿನ 650 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ನಾಲ್ಕು ಸಣ್ಣ ಪೆಗ್ಗಿನಷ್ಟು, ಅಂದರೆ ಸುಮಾರು 40 ಗ್ರಾಂ ಮದ್ಯಸಾರವಿರುತ್ತದೆ.

ಆರೋಗ್ಯವಂತ ವಯಸ್ಕರ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಅರಗಿಸುತ್ತದೆ. ಕಾಫಿ, ತಣ್ಣೀರಿನ ಸ್ನಾನ, ನಿಂಬೆರಸ ಯಾವುದರಿಂದಲೂ ಈ ವೇಗ ಹೆಚ್ಚುವುದಿಲ್ಲ. ರಾತ್ರಿ ಹನ್ನೆರಡರ ವೇಳೆಗೆ ನಾಲ್ಕು ದೊಡ್ಡ ಪೆಗ್ ಮುಗಿಸಿದವನ ದೇಹದಲ್ಲಿ ಸುಮಾರು 80 ಗ್ರಾಂ ಸೇರಿರುತ್ತದೆ. ಸಂಜೆಯಿಂದಲೇ ಕುಡಿಯಲು ಆರಂಭಿಸಿದ್ದರೆ ಒಂದಿಷ್ಟು ಅಷ್ಟರಲ್ಲಿ ಕರಗಿರುತ್ತದೆ. ಉಳಿದದ್ದು ಪೂರ್ತಿ ಹೋಗಲು ಬೆಳಗಿನ ಹೊತ್ತು ಸಾಕಾಗದೆ ಇರಬಹುದು. ದೋಣಿಯಾದರೋ ಬೆಳಗ್ಗೆಯೇ ದಡ ಬಿಡುತ್ತದೆ. ಮದ್ಯಸಾರ ಪೂರ್ತಿ ಇಳಿದಿದೆಯೆಂದೇ ಇಟ್ಟುಕೊಂಡರೂ ನೀರಿನ ಕೊರತೆ, ನಿದ್ರಾಹೀನತೆ, ತಲೆನೋವು ಅದರೊಂದಿಗೇ ಇಳಿದುಹೋಗುವುದಿಲ್ಲ.

ನಮ್ಮ ದೇಶದಲ್ಲಿ ವಿಮಾನ ಚಾಲಕರಿಗೆ ಹಾರಾಟದ ಹಿಂದಿನ 12 ಗಂಟೆ ಮದ್ಯ ನಿಷಿದ್ಧ. ಆಕಾಶಕ್ಕೇರುವವರಿಗೆ ಇರುವ ಎಚ್ಚರ ಪಾತಾಳಕ್ಕಿಳಿಯುವವರಿಗೂ ಬೇಡವೇ? ಹಿಂದಿನ ದಿನ ಪೂರ್ತಿ ಬಿಡುವುದೇ ಎಲ್ಲಕ್ಕಿಂತ ಸುರಕ್ಷಿತ.

ನಿಜವಾದ ಅಪಾಯ ಸಂಜೆಯಲ್ಲಿದೆ

ಹಿಂದಿನ ರಾತ್ರಿಯ ಕುಡಿತಕ್ಕಿಂತ ಡೈವ್ ಮುಗಿದ ಮೇಲಿನ ಕುಡಿತವನ್ನು ಜನರು ನಿರಪಾಯವೆಂದು ಭಾವಿಸುತ್ತಾರೆ. ನೀರಿನಿಂದ ಹೊರಬಂದಾಯಿತು, ಇನ್ನೇನು ಭಯ ಎಂಬ ಧೋರಣೆ. ಆದರೆ ಈ ಬೇನೆ ನೀರಿನೊಳಗೆ ಬರುವುದಕ್ಕಿಂತ ಹೊರಬಂದ ಮೇಲೆ ಬರುವುದೇ ಹೆಚ್ಚು. ಅಮೆರಿಕದ ನೌಕಾಪಡೆಯ ಡೈವಿಂಗ್ ಕೈಪಿಡಿಯ ಅಂಕಿಗಳಂತೆ ಶೇಕಡಾ 42ರಷ್ಟು ಪ್ರಕರಣಗಳಲ್ಲಿ ಲಕ್ಷಣಗಳು ಮೊದಲ ಗಂಟೆಯಲ್ಲಿ, ಶೇಕಡಾ 60ರಷ್ಟರಲ್ಲಿ 3 ಗಂಟೆಯೊಳಗೆ, ಶೇಕಡಾ 83ರಷ್ಟರಲ್ಲಿ 8 ಗಂಟೆಯೊಳಗೆ, ಶೇಕಡಾ 98ರಷ್ಟರಲ್ಲಿ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ಮಧ್ಯಾಹ್ನದೊಳಗೆ ಡೈವ್ ಮುಗಿಸಿದವರಿಗೆ ಈ ಗಂಟೆಗಳು ಬರುವುದು ಯಾವಾಗ? ಸರಿಯಾಗಿ ಪಾರ್ಟಿಯ ಸಂಜೆಗೆ, ಮರುದಿನ ತಡವಾಗಿ ಏಳುವ ಬೆಳಗಿಗೆ.

ಇನ್ನು ಲಕ್ಷಣಗಳನ್ನು ಗಮನಿಸಿ. ವಿಪರೀತ ಆಯಾಸ, ತಲೆನೋವು, ತಲೆಸುತ್ತು, ವಾಕರಿಕೆ, ತೂರಾಡುವ ನಡಿಗೆ, ತೊದಲುವ ಮಾತು, ಮಂಕುತನ, ಕೈಕಾಲು ಜೋಮು. ಇದು ಒತ್ತಡ ಇಳಿತದ ಬೇನೆಯ ಪಟ್ಟಿ. ಇದರಲ್ಲಿ ಬಹುಪಾಲು ಕುಡಿದವನ ಪಟ್ಟಿಯೂ ಹೌದು, ಮರುಬೆಳಗಿನ ಹ್ಯಾಂಗೋವರಿನ ಪಟ್ಟಿಯೂ ಹೌದು. ಹುಡುಗನೊಬ್ಬ ತೂರಾಡಿದರೆ ಸ್ನೇಹಿತರು ನಗುತ್ತಾರೆ, ಮಲಗಿಸುತ್ತಾರೆ. ಭುಜದ ನೋವನ್ನು ಮದ್ಯವೇ ಮರೆಸುತ್ತದೆ. ಬೆಳಗ್ಗೆ ಕಾಲು ಎಳೆದುಕೊಂಡು ನಡೆದಾಗ "ರಾತ್ರಿ ಜಾಸ್ತಿ ಆಯ್ತು" ಎಂದು ತಾನೇ ಸಮಾಧಾನ ಮಾಡಿಕೊಳ್ಳುತ್ತಾನೆ. ಬೆನ್ನುಹುರಿಯಲ್ಲಿ ಗುಳ್ಳೆ ಕುಳಿತಿದ್ದರೆ ಹೀಗೆ ಕಳೆದ ಒಂದೊಂದು ಗಂಟೆಯೂ ದುಬಾರಿ.

ಮದ್ಯ ಗುಳ್ಳೆಗಳನ್ನು ಎಷ್ಟು ಹೆಚ್ಚಿಸುತ್ತದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ, ಡೈವಿನಿಂದ ಡೈವಿಗೆ ಬೇರೆಯಾಗಬಹುದು. ಗುಳ್ಳೆಯ ಕುರುಹನ್ನು ಅದು ಮರೆಮಾಚುವುದು ಮಾತ್ರ ನಿಶ್ಚಿತ. ಅಜ್ಜಿಯ ಪ್ರಶ್ನೆಗೆ ನನಗೆ ದೊರೆತ ಉತ್ತರದ ತಿರುಳು ಇದೇ.

ವಿಮಾನವೂ ಘಟ್ಟವೂ

ಸಮುದ್ರದಿಂದ ದೂರದ ದೆಹಲಿಯಲ್ಲಿ ನೆಲೆಸಿದ ನಮಗೆ ಇನ್ನೊಂದು ವಿಶೇಷ ತೊಡಕಿದೆ. ನಾವು ವಿಮಾನ ಹತ್ತಿಯೇ ಮರಳಬೇಕು. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟಿರುವುದಿಲ್ಲ. 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಿರುತ್ತದೆ. ದೇಹದಲ್ಲಿ ಇನ್ನೂ ಉಳಿದಿರುವ ಸಾರಜನಕಕ್ಕೆ ಇದು ಗೋಲಿಯನ್ನು ಎರಡನೆಯ ಸಲ ಒತ್ತಿದಂತೆ.

ಮುಳುಗುಗಾರರ ಸುರಕ್ಷತೆಗಾಗಿ 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯು 2002ರ ತಜ್ಞರ ಸಭೆಯ ಬಳಿಕ ನೀಡಿದ ಮಾರ್ಗಸೂಚಿ ಹೀಗಿದೆ: ಹಂತಹಂತವಾಗಿ ನಿಲ್ಲಬೇಕಾದ ಅಗತ್ಯವಿಲ್ಲದ ಒಂದೇ ಡೈವ್ ಮಾಡಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 12 ಗಂಟೆ ಕಾಯಬೇಕು. ದಿನಕ್ಕೆ ಹಲವು ಬಾರಿ ಅಥವಾ ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕು. ಹೆಚ್ಚು ಆಳದ, ನಿಂತುನಿಂತು ಮೇಲೇರಬೇಕಾದ ಡೈವ್ ಮಾಡಿದವರು 18 ಗಂಟೆಗಿಂತ ಬಹಳ ಹೆಚ್ಚು ಕಾಯಬೇಕು. ನಮ್ಮ ಹುಡುಗರ ಯೋಜನೆಯಲ್ಲಿ ಎರಡು ದಿನದ ಡೈವ್ ಇತ್ತು. ಭಾನುವಾರ ಮಧ್ಯಾಹ್ನ ನೀರಿನಿಂದೆದ್ದು ರಾತ್ರಿಯೇ ವಿಮಾನವೇರಿದರೆ 18 ಗಂಟೆಯ ಅರ್ಧವೂ ಸಿಗುವುದು ಕಷ್ಟ.

ವಿಮಾನ ಬಿಟ್ಟು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತೇವೆ ಎನ್ನುವವರೂ ಎಚ್ಚರ ವಹಿಸಬೇಕು. ಮೇಲಿನ ಮಾರ್ಗಸೂಚಿ ಅನ್ವಯಿಸುವುದು 600 ಮೀಟರಿನಿಂದ 2,400 ಮೀಟರ್‌ವರೆಗಿನ ಎತ್ತರಕ್ಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಘಟ್ಟ ಹತ್ತುವುದೆಂದರೆ ದೇಹದ ಮಟ್ಟಿಗೆ ಅರೆಬರೆ ವಿಮಾನವೇರಿದಂತೆಯೇ. ಡೈವ್ ಮುಗಿದ ದಿನ ಮುರುಡೇಶ್ವರದಲ್ಲೋ, ಗೋಕರ್ಣದಲ್ಲೋ, ಉಡುಪಿಯಲ್ಲೋ ಕರಾವಳಿಯ ಮಟ್ಟದಲ್ಲೇ ಒಂದು ರಾತ್ರಿ ಉಳಿದು ದೇವಸ್ಥಾನ ನೋಡಿಕೊಂಡು ಹೊರಡುವುದು ಉತ್ತಮ.

ಬೇನೆ ಬಂದರೆ

ಅನಗತ್ಯ ಭಯ ಹುಟ್ಟಿಸುವುದು ಈ ಬರಹದ ಉದ್ದೇಶವಲ್ಲ. ಹವ್ಯಾಸಿಗಳ ಹತ್ತು ಸಾವಿರ ಡೈವ್‌ಗಳಲ್ಲಿ ಸುಮಾರು ಒಂದರಿಂದ ನಾಲ್ಕರಲ್ಲಿ ಮಾತ್ರ ಈ ಬೇನೆ ಕಾಣಿಸುತ್ತದೆ. ತರಬೇತಿಯಿಲ್ಲದವರನ್ನು ಶಿಕ್ಷಕರು ಕೈಹಿಡಿದು ಕರೆದೊಯ್ಯುವ ಮೊದಲ ಅನುಭವದ ಡೈವಿಗೆ 12 ಮೀಟರಿನ ಮಿತಿಯಿದ್ದು, ಅಲ್ಲಿ ಕಳೆಯುವ ಸಮಯವೂ ಅಲ್ಪ. ಅಂಥವರಿಗೆ ಈ ಬೇನೆಗಿಂತ ದೊಡ್ಡ ಅಪಾಯವೆಂದರೆ ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗುವುದು. ಹಾಗೆ ಮಾಡಿದಾಗ ಒಂದೆರಡು ಮೀಟರ್ ಆಳದಿಂದಲೂ ಶ್ವಾಸಕೋಶ ಹಿಗ್ಗಿ ಹರಿದು ಗಾಳಿ ರಕ್ತಕ್ಕೆ ಸೇರಬಹುದು. ಗಾಬರಿಗೊಳ್ಳದಿರಲು ಸ್ವಸ್ಥ ಮನಸ್ಸು ಬೇಕು. ಹ್ಯಾಂಗೋವರಿನ ತಲೆಗೆ ಅದು ದಕ್ಕುವುದಿಲ್ಲ.

ಡೈವ್ ಮಾಡಿದ 24 ಗಂಟೆಗಳಲ್ಲಿ ಮೇಲೆ ಹೇಳಿದ ಯಾವ ಲಕ್ಷಣ ಕಂಡರೂ ಅದನ್ನು ಮೊದಲು ಒತ್ತಡ ಇಳಿತದ ಬೇನೆಯೆಂದೇ ಶಂಕಿಸಬೇಕು. ರೋಗಿಯನ್ನು ಅಂಗಾತ ಮಲಗಿಸಿ ಶುದ್ಧ ಆಮ್ಲಜನಕ ಕೊಡಿಸಬೇಕು. ಪೂರ್ತಿ ಎಚ್ಚರವಿದ್ದು ನುಂಗಬಲ್ಲವರಾದರೆ ನೀರು ಅಥವಾ ಓ.ಆರ್.ಎಸ್. ಕುಡಿಸಬಹುದು. ಮದ್ಯ ಸರ್ವಥಾ ಕೂಡದು. ಮತ್ತೆ ನೀರಿಗಿಳಿದರೆ ಸರಿಹೋಗುತ್ತದೆಂದು ಸಾಹಸ ಮಾಡಬಾರದು. ಇದರ ಚಿಕಿತ್ಸೆ ಹೈಪರ್‌ಬ್ಯಾರಿಕ್ ಚೇಂಬರ್ ಎಂಬ ಒತ್ತಡದ ಕೋಣೆಯಲ್ಲಿ ನಡೆಯುತ್ತದೆ. ರೋಗಿಯನ್ನು ಮತ್ತೆ 18 ಮೀಟರ್ ಆಳದಷ್ಟು ಒತ್ತಡಕ್ಕೆ ಒಳಪಡಿಸಿ, ಆಮ್ಲಜನಕ ಕೊಡುತ್ತಾ, ಸುಮಾರು ಐದು ಗಂಟೆಯ ಅವಧಿಯಲ್ಲಿ ನಿಧಾನವಾಗಿ ಒತ್ತಡ ಇಳಿಸುತ್ತಾರೆ. ಹೊರಡುವ ಮೊದಲೇ ಡೈವಿಂಗ್ ಕೇಂದ್ರದವರನ್ನು ಎರಡು ಪ್ರಶ್ನೆ ಕೇಳಿಡಿ: ದೋಣಿಯಲ್ಲಿ ಆಮ್ಲಜನಕವಿದೆಯೇ, ತುರ್ತಿನಲ್ಲಿ ಯಾವ ಚೇಂಬರಿಗೆ ಕರೆದೊಯ್ಯುತ್ತೀರಿ?

ನಮ್ಮ ಕುಟುಂಬಗಳಿಗೆ ಸಹಜವಾಗಿ ತೋಚುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಮಗ ಫೋನಿನಲ್ಲಿ "ಮೈ ಸರಿಯಿಲ್ಲಮ್ಮ" ಎಂದರೆ "ಮೊದಲು ವಿಮಾನ ಹತ್ತಿ ಮನೆಗೆ ಬಾ, ಇಲ್ಲಿ ತೋರಿಸೋಣ" ಎನ್ನುತ್ತೇವೆ. ಓಲ್ಡ್ ರಾಜಿಂದರ್ ನಗರದವರಿಗಂತೂ ಸರ್ ಗಂಗಾರಾಮ್ ಆಸ್ಪತ್ರೆ ಕೂಗಳತೆಯಲ್ಲಿದೆ. ಬೇನೆಯ ಶಂಕೆಯಿರುವವರು ವಿಮಾನ ಹತ್ತುವುದೇ ದೊಡ್ಡ ಅಪಾಯ. ಚಿಕಿತ್ಸೆ ಕರಾವಳಿಯಲ್ಲೇ ಆರಂಭವಾಗಬೇಕು. ದೆಹಲಿಗೆ ಮರಳಿದ ಮೇಲೆ ಲಕ್ಷಣ ಕಂಡರೆ, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮೊದಲ ವಾಕ್ಯವೇ "ನಿನ್ನೆ ಸಮುದ್ರದಲ್ಲಿ ಸ್ಕೂಬಾ ಡೈವ್ ಮಾಡಿದ್ದೆ" ಎಂದಿರಲಿ. ಸಮುದ್ರವಿಲ್ಲದ ಊರಿನಲ್ಲಿ ಕಾಲಿನ ಜೋಮಿಗೆ ಸಮುದ್ರವೇ ಕಾರಣವೆಂದು ವೈದ್ಯರು ತಾವಾಗಿ ಊಹಿಸಲಾರರು.

ಮನೆಯಲ್ಲಿ ಆಡಬೇಕಾದ ಮಾತು

ಕೊನೆಯದಾಗಿ ಹಿರಿಯರಲ್ಲಿ ಒಂದು ಅರಿಕೆ. ನಮ್ಮ ಮನೆಗಳಲ್ಲಿ ಕುಡಿತದ ವಿಷಯವನ್ನು ಯಾರೂ ಎತ್ತುವುದಿಲ್ಲ. ಮಕ್ಕಳು ಮುಚ್ಚಿಡುತ್ತಾರೆ, ನಾವು ಗೊತ್ತಿಲ್ಲದಂತೆ ಇರುತ್ತೇವೆ. ಮನೆಯಲ್ಲಿ ಮುಚ್ಚಿಟ್ಟು ರೂಢಿಯಾದವರು ಡೈವಿಂಗ್ ಶಿಕ್ಷಕರ ಮುಂದೆಯೂ, ವೈದ್ಯರ ಮುಂದೆಯೂ ಅದನ್ನೇ ಮುಚ್ಚಿಡುತ್ತಾರೆ. "ರಾತ್ರಿ ಕುಡಿದಿದ್ದೇನೆ, ಇಂದು ನೀರಿಗಿಳಿಯುವುದಿಲ್ಲ" ಎಂದು ದೋಣಿಯಲ್ಲಿ ಹೇಳುವ ಧೈರ್ಯ ಮನೆಯಲ್ಲಿ ಬೈಗುಳದ ಭಯವಿಲ್ಲದೆ ಮಾತಾಡಿದ ಮಕ್ಕಳಿಗೆ ಸುಲಭವಾಗಿ ಬರುತ್ತದೆ. ಕುಡಿಯಬೇಡ ಎಂದು ಹೇಳುವುದು ಹಿರಿಯರ ಹಕ್ಕು. ಕುಡಿದಿದ್ದರೆ ಇಳಿಯಬೇಡ, ಇಳಿದಿದ್ದರೆ ಕುಡಿಯಬೇಡ, ಏನಾದರೂ ಆದರೆ ಮುಚ್ಚಿಡಬೇಡ ಎಂದು ಹೇಳುವುದು ಅದಕ್ಕಿಂತ ಮುಖ್ಯವಾದ ಕರ್ತವ್ಯ.

ಇಷ್ಟನ್ನೂ ಓದಿ ತಿಳಿದುಕೊಂಡ ಮೇಲೆ ನಮ್ಮ ಅಳಿಯ ತನ್ನ ಟಿಕೆಟ್ಟನ್ನು ಸೋಮವಾರ ಸಂಜೆಗೆ ಬದಲಾಯಿಸಿಕೊಂಡಿದ್ದಾನೆ, ಒಂದು ದಿನದ ರಜೆಯನ್ನೂ ಹಾಕಿದ್ದಾನೆ. ಪಾರ್ಟಿ ರದ್ದಾಗಿದೆಯೇ ಎಂದು ನಾನು ಕೇಳಲಿಲ್ಲ. ಅವನ ಅಜ್ಜಿ ಕೇಳಿದರು. "ಎರಡು ದಿನ ಗೋಲಿ ಸೋಡಾ ಮಾತ್ರ ಅಜ್ಜಿ" ಎಂದನಂತೆ.

ಸಮುದ್ರದೊಳಗಿನ ನಮ್ಮ ನಾಡಿನ ಸೊಬಗನ್ನು ಕಾಣಲು ಹೊರಟಿರುವ ಎಲ್ಲ ದೆಹಲಿ ಕನ್ನಡ ಕುಟುಂಬಗಳಿಗೂ ಪ್ರಯಾಣ ಸುಖಕರವಾಗಲಿ.